ತೊಳೆಯಬಾರದಿದ್ದ ಜಡೆಗಳು

ಶಿಕ್ಷೆಯನ್ನು ಅನುಭವಿಸಿದವಳು ಒಂಬತ್ತು ವರ್ಷದ ಹುಡುಗಿ. ನಿಯಮವನ್ನು ಬರೆದವರು ಅನುಭವಿಸಲಿಲ್ಲ, ಅದರ ನಮೂನೆಯಲ್ಲಿ ಗುರುತು ಹಾಕಿದವರು ಅನುಭವಿಸಲಿಲ್ಲ, ಆ ನಿಯಮಕ್ಕೆ ಮಣಿದು ಅವಳ ತಲೆಯನ್ನು ತೊಳೆದ ನಾನೂ ಅನುಭವಿಸಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನನ್ನ ಪಶ್ಚಾತ್ತಾಪದ ಮಾತು ಬಹಳ ಬರುತ್ತದೆ. ಅದನ್ನು ಓದಿ ಯಾರಾದರೂ ನೊಂದವಳು ನಾನೇ ಎಂದು ತಿಳಿದುಬಿಟ್ಟರೆ ಅದು ಆ ಮಗುವಿಗೆ ಆಗುವ ಇನ್ನೊಂದು ಅನ್ಯಾಯ.

ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಎರಿನ್ ಮಿಲ್ಸ್ ಎಂಬ ಬಡಾವಣೆಯ ಟೌನ್‌ಹೌಸ್ ಸಾಲಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆಯಿತ್ತು. ತಾಯಿ, ಮಗಳು ಇಬ್ಬರೇ. ಆಫ್ರಿಕದ ಚಾಡ್ ದೇಶದಿಂದ, ನಡುವೆ ಎಲ್ಲೆಲ್ಲೋ ವರ್ಷಗಟ್ಟಲೆ ತಂಗಿ, ಕೊನೆಗೆ ಇಲ್ಲಿಗೆ ಬಂದವರು. ತಾಯಿ ಬೇಕರಿ ಸಾಮಾನು ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ಮಧ್ಯಾಹ್ನದ ಶಿಫ್ಟಿಗೆ ಹೋಗುತ್ತಿದ್ದಳು. ಫ್ರೆಂಚ್ ಚೆನ್ನಾಗಿ ಬರುತ್ತಿತ್ತು, ಇಂಗ್ಲಿಷ್ ಅಷ್ಟಕ್ಕಷ್ಟೆ. ಶಾಲೆ ಬಿಟ್ಟ ಮೇಲೆ ಹುಡುಗಿ ನಮ್ಮ ಮನೆಗೆ ಬಂದು, ಅಡುಗೆಮನೆಯ ಮೇಜಿನ ಮೇಲೆ ಹೋಮ್‌ವರ್ಕ್ ಮಾಡುತ್ತ ತಾಯಿ ಬರುವ ತನಕ ಇರುತ್ತಿದ್ದಳು.

ನನ್ನ ವಿಷಯವನ್ನೂ ಹೇಳಬೇಕು. ಮೈಸೂರಿನಲ್ಲಿ ನಾನು ಓದಿದ ಶಾಲೆಯಲ್ಲಿ ಜಾತಿ ಕೇಳುತ್ತಿರಲಿಲ್ಲ, ರ‍್ಯಾಂಕ್ ಕೊಡುತ್ತಿರಲಿಲ್ಲ. ಪ್ರತಿ ಶುಕ್ರವಾರ ಒಬ್ಬೊಬ್ಬರೂ ಎದ್ದುನಿಂತು ಆ ವಾರ ಕಣ್ಣಿಗೆ ಬಿದ್ದ ಒಂದು ಅನ್ಯಾಯವನ್ನು, ಮಾಡಿದವರು ಯಾರು ಎಂಬುದರೊಂದಿಗೆ, ಹೇಳಬೇಕಿತ್ತು. ಆ ಅಭ್ಯಾಸವನ್ನು ನಾನು ಸಾಗರದಾಚೆಗೂ ಹೊತ್ತು ತಂದೆ. ಬಾಡಿಗೆದಾರರ ಸಂಘ, ಪಾಲಕರ ಸಮಿತಿ, ಬಸ್ಸಿನ ಮಾರ್ಗ ಬದಲಿಸಿದ್ದಕ್ಕೆ ನಗರಸಭೆಗೆ ಪತ್ರ. ಧಾರವಾಡದಿಂದ ಆರು ತಿಂಗಳ ಮಟ್ಟಿಗೆ ಬಂದಿದ್ದ ನನ್ನ ಅತ್ತೆ ಬೆಳಿಗ್ಗೆ ಚಹಾ ಕುಡಿಯುತ್ತ ಕೇಳುತ್ತಿದ್ದರು, "ಇವತ್ತ ಯಾರ ಮ್ಯಾಲ ಅರ್ಜಿ, ತಂಗಿ? ಸೂರ್ಯಾ ತಡಾ ಮಾಡಿ ಹುಟ್ಟ್ಯಾನ, ಅವನ್ನೂ ಬರಕೋ."

ನಾನು ನಗುತ್ತಿರಲಿಲ್ಲ. ಅನ್ಯಾಯವನ್ನು ಗುರುತಿಸಬಲ್ಲವರು ಅನ್ಯಾಯ ಮಾಡಲಾರರು ಎಂದು ಆಗ ನಂಬಿದ್ದೆ.

ಒಂದು ಭಾನುವಾರ ಪಕ್ಕದ ಮನೆಯಾಕೆ ಬಟ್ಟೆಯ ಗಂಟೊಂದನ್ನು ಹಿಡಿದು ಬಂದು, ನಮ್ಮ ಮಿಕ್ಸಿಯನ್ನು ಕೇಳಿದಳು. ಅವಳ ಬಳಿ ಇದ್ದ ಕಾಫಿ ಪುಡಿ ಮಾಡುವ ಯಂತ್ರ ಸುಟ್ಟುಹೋಗಿತ್ತು. ಗಂಟಿನಲ್ಲಿದ್ದವು ಸಣ್ಣ ಕಂದು ಬೀಜಗಳು. ಅವಳ ಊರಿನ ಕಡೆ ಅದಕ್ಕೆ ಚೆಬೆ ಎನ್ನುತ್ತಾರೆ. ಬಾಣಲೆಯಲ್ಲಿ ಹದವಾಗಿ ಹುರಿದಳು. ಅದಕ್ಕೆ ಲವಂಗ, ಒಂದು ಜಾತಿಯ ಚೆರ್ರಿ ಹಣ್ಣಿನ ಬೀಜದೊಳಗಿನ ತಿರುಳು, ಮರದ ಅಂಟಿನ ಹರಳು ಸೇರಿಸಿ ಪುಡಿ ಮಾಡಿದಳು. ಅತ್ತೆ ಚಿಟಿಕೆ ಪುಡಿಯನ್ನು ಮೂಗಿನ ಬಳಿ ಹಿಡಿದು, ಕಣ್ಣು ಮುಚ್ಚಿ, ತೀರ್ಪು ಕೊಟ್ಟರು. "ಲವಂಗ ಅದ. ಇನ್ನೊಂದೇನೋ ಅದ, ಅದು ನಮ್ಮ ಕಡೆ ಇಲ್ಲ. ಚಲೋ ಅದ." ಆಕೆಗೆ ಕನ್ನಡ ತಿಳಿಯದು, ಅತ್ತೆಗೆ ಕನ್ನಡ ಬಿಟ್ಟು ಬೇರೆ ತಿಳಿಯದು. ಆದರೂ ಆ ದಿನದಿಂದ ಅವರಿಬ್ಬರೂ ತಮ್ಮ ತಮ್ಮ ಭಾಷೆಯಲ್ಲೇ ಹರಟುತ್ತಿದ್ದರು. ಆ ಮಾತುಕತೆಯಲ್ಲಿ ಅನುವಾದಕಿಯಾಗಲು ಹೋದ ನನ್ನನ್ನು ಇಬ್ಬರೂ ಒಪ್ಪಲಿಲ್ಲ.

ಅಂದು ಮಧ್ಯಾಹ್ನ ಆಕೆ ಮಗಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ಕೆಲಸ ಆರಂಭಿಸಿದಳು. ಪುಡಿಯನ್ನು ಎಣ್ಣೆ ಮತ್ತು ಶಿಯಾ ಮರದ ಬೀಜದ ಬೆಣ್ಣೆಯೊಂದಿಗೆ ಕಲಸಿ ಕಂದು ಬಣ್ಣದ ಲೇಪ ಮಾಡಿಕೊಂಡಿದ್ದಳು. ಒಂದೊಂದೇ ಜಡೆಯನ್ನು ಬಿಚ್ಚಿ, ಎಳೆಗಳಿಗೆ ನೀರು ಚಿಮುಕಿಸಿ, ಬುಡವನ್ನು ಬಿಟ್ಟು ಉದ್ದಕ್ಕೂ ಲೇಪ ಸವರಿ, ಮತ್ತೆ ಹೆಣೆಯುತ್ತಿದ್ದಳು. ನೆತ್ತಿಗೆ ತಾಗಿಸುವಂತಿಲ್ಲ. ಮುಖ್ಯವಾಗಿ, ತೊಳೆಯುವಂತಿಲ್ಲ. ನಾಲ್ಕು ದಿನಕ್ಕೊಮ್ಮೆ ಹಳೆಯ ಲೇಪದ ಮೇಲೆಯೇ ಹೊಸದನ್ನು ಹಚ್ಚಿ ಹೆಣೆಯುವುದು. ನೆತ್ತಿಯನ್ನು ಮಾತ್ರ ಒದ್ದೆ ಬಟ್ಟೆಯಿಂದ ಬೈತಲೆಯುದ್ದಕ್ಕೂ ಒರೆಸುವುದು.

"ಇದರಿಂದ ಕೂದಲು ಬೆಳೆಯುತ್ತಾ?" ಎಂದು ಕೇಳಿದೆ.

"ಬೆಳೆಯೋದು ದೇವರು ಮಾಡ್ತಾನೆ," ಎಂದಳು. "ಇದು ಮುರಿಯೋಕೆ ಬಿಡಲ್ಲ. ಅಷ್ಟೇ."

ಆಮೇಲೆ ಒಂದು ಜಡೆಯನ್ನು ಮಗಳ ಸೊಂಟದ ತನಕ ಹಿಡಿದೆಳೆದು, ಅದರ ತುದಿಯ ಒಂದು ಗೇಣನ್ನು ಬೆರಳುಗಳ ನಡುವೆ ತೋರಿಸಿದಳು. ಇಷ್ಟು ಭಾಗ ನನ್ನ ಅಮ್ಮ ಹೆಣೆದದ್ದು ಎಂದಳು. ಹುಡುಗಿಗೆ ಮೂರು ವರ್ಷವಿದ್ದಾಗ ಅಜ್ಜಿ ತನ್ನ ಕೈಯಾರೆ ಮೊದಲ ಬಾರಿಗೆ ಲೇಪ ಹಚ್ಚಿದ್ದಳು. ಆಮೇಲೆ ಇವರು ಊರು ಬಿಟ್ಟರು. ಅಜ್ಜಿ ತೀರಿಕೊಂಡಾಗ ಹೋಗಲಾಗಲಿಲ್ಲ. ಅಂದಿನ ಕೂದಲು ಮುರಿಯದೆ ಬೆಳೆದು ಬೆಳೆದು ಈಗ ತುದಿಗೆ ಬಂದಿತ್ತು. ಅಜ್ಜಿಯ ಒಂದು ಫೋಟೋ ಕೂಡ ಅವರ ಬಳಿ ಇರಲಿಲ್ಲ. ಅಜ್ಜಿಯ ಕೈ ತಾಗಿದ ವಸ್ತು ಎಂದು ಮನೆಯಲ್ಲಿ ಉಳಿದಿದ್ದದ್ದು ಆ ಒಂದು ಗೇಣು ಕೂದಲು. ಹುಡುಗಿಗೂ ಅದು ಗೊತ್ತಿತ್ತು. ಲೆಕ್ಕ ಮಾಡುವಾಗ ತುದಿಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಿದ್ದಳು.

ಆ ಚಳಿಗಾಲದಲ್ಲಿ ಮಾಂಟ್ರಿಯಲ್‌ನಲ್ಲಿದ್ದ ಆ ತಾಯಿಯ ತಂಗಿಗೆ ಹೆರಿಗೆ ಕಷ್ಟವಾಯಿತು. ಆಕೆ ಹೋಗಲೇಬೇಕಾಗಿ ಬಂತು. ಮಗಳಿಗೆ ಶಾಲೆ ತಪ್ಪಿಸಲು ಮನಸ್ಸಿರಲಿಲ್ಲ. ಹುಡುಗಿಯ ಬಟ್ಟೆ, ಲೇಪದ ಡಬ್ಬಿ, ಅಗಲ ಹಲ್ಲಿನ ಬಾಚಣಿಗೆ, ಇಷ್ಟನ್ನು ನನಗೆ ಒಪ್ಪಿಸಿ ಹೊರಟಳು. ಹಚ್ಚುವ ಕ್ರಮವನ್ನು ನಾನು ಕನ್ನಡದಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡೆ. ಕೊನೆಯ ಸಾಲು, "ತೊಳೆಯಕೂಡದು." ಕೆಳಗೆ ಗೆರೆಯನ್ನೂ ಎಳೆದಿದ್ದೆ.

ಆರನೆಯ ದಿನ ಶಾಲೆಯಿಂದ ಫೋನು ಬಂತು. ತರಗತಿಯಲ್ಲಿ ಯಾರಿಗೋ ಹೇನು ಕಂಡು ಎಲ್ಲ ಮಕ್ಕಳ ತಲೆ ಪರೀಕ್ಷೆ ಮಾಡಿದ್ದರು. ನಮೂನೆಯಲ್ಲಿ ಮೂರು ಚೌಕಗಳಿದ್ದವು: ಹೇನು, ಸೀರು, ಅಶುಚಿ. ಹುಡುಗಿಗೆ ಹೇನಿರಲಿಲ್ಲ, ಸೀರಿರಲಿಲ್ಲ. ಮೂರನೆಯ ಚೌಕದಲ್ಲಿ ಗುರುತು ಹಾಕಿ ಅವಳನ್ನು ಕಚೇರಿಯ ಬೆಂಚಿನ ಮೇಲೆ ಕೂರಿಸಿದ್ದರು. ಬೆಳಗಿನ ವಿರಾಮದಿಂದ ನಾನು ಹೋಗುವವರೆಗೆ, ಅಂದರೆ ಊಟದ ಹೊತ್ತು ಕಳೆಯುವವರೆಗೆ, ಅವಳು ಅಲ್ಲಿಯೇ ಇದ್ದಳು. ಊಟದ ಡಬ್ಬಿ ತರಗತಿಯಲ್ಲಿತ್ತು, ತಂದುಕೊಟ್ಟವರಿಲ್ಲ. ಕಚೇರಿಗೆ ಬಂದುಹೋಗುವ ಪ್ರತಿ ಮಗುವೂ ಅವಳು ಅಲ್ಲಿ ಏಕಿದ್ದಾಳೆಂದು ತಿಳಿದುಕೊಂಡಿತು.

ಉಪಪ್ರಾಂಶುಪಾಲರು ಸೌಜನ್ಯದಿಂದಲೇ ಮಾತಾಡಿದರು. ಸೌಜನ್ಯದ ಬಗ್ಗೆ ನನಗೆ ಅಂದಿನಿಂದ ಭಯವಿದೆ.

"ಸಂಸ್ಕೃತಿಯ ಬಗ್ಗೆ ನಾವು ಏನೂ ಹೇಳುತ್ತಿಲ್ಲ," ಎಂದರು. "ಕೂದಲಿನಲ್ಲಿ ಏನೋ ಮೆತ್ತಿಕೊಂಡಿದೆ. ವಾಸನೆಯಿದೆ. ಕುರ್ಚಿಗೆ ಪುಡಿ ಉದುರುತ್ತದೆ."

"ಅದು ಗಿಡದ ಬೀಜ. ಲವಂಗ. ಎಣ್ಣೆ," ಎಂದೆ. "ಅವರ ದೇಶದಲ್ಲಿ ತಲೆಮಾರುಗಳಿಂದ ಹಚ್ಚುತ್ತಾರೆ."

"ಇರಬಹುದು. ತೊಳೆದು ಕಳುಹಿಸಿ. ಇಲ್ಲಿ ಸಹಿ ಬೇಕು."

"ತೊಳೆಯಬಾರದು ಎಂಬುದೇ ಅದರ ಕ್ರಮ."

"ಹಾಗಿದ್ದರೆ ಅವಳು ಕಚೇರಿಯಲ್ಲಿ ಕೂತು ಓದಬಹುದು. ನಾವೇನೂ ಮನೆಗೆ ಕಳುಹಿಸುತ್ತಿಲ್ಲವಲ್ಲ." ಆಮೇಲೆ, ನೆನಪಾದವರಂತೆ, "ನಾಳೆ ಕ್ಲೈನ್‌ಬರ್ಗ್‌ಗೆ ಪ್ರವಾಸವಿದೆ. ಬಸ್ಸಿನಲ್ಲಿ ಮಕ್ಕಳು ಒತ್ತಿಕೊಂಡು ಕೂರುತ್ತಾರೆ. ಇದನ್ನು ಇತ್ಯರ್ಥ ಮಾಡದೆ ಕರೆದೊಯ್ಯಲಾಗದು."

ಕ್ಲೈನ್‌ಬರ್ಗ್‌ನ ಚಿತ್ರಶಾಲೆಗೆ ಹೋಗುವ ಆ ದಿನಕ್ಕಾಗಿ ಹುಡುಗಿ ತಿಂಗಳಿಂದ ಕಾದಿದ್ದಳು. ಚಿತ್ರ ಬರೆಯುವುದು ಅವಳಿಗೆ ಇಷ್ಟ. ಹೊಸ ಪೆನ್ಸಿಲ್ಲುಗಳನ್ನು ಬಣ್ಣದ ಕ್ರಮದಲ್ಲಿ ಜೋಡಿಸಿಟ್ಟುಕೊಂಡಿದ್ದಳು.

ಇಲ್ಲಿ ನಾನು ಏನು ಮಾಡಬೇಕಿತ್ತು ಎಂಬುದು ನನಗೆ ಆಗಲೂ ಗೊತ್ತಿತ್ತು. ಆ ಬೆಂಚಿನ ಮೇಲೆ ಹುಡುಗಿಯ ಪಕ್ಕದಲ್ಲಿ ಕೂರಬೇಕಿತ್ತು. ನಾಳೆಯೂ ಕೂರಬೇಕಿತ್ತು. ಪಾಲಕರ ಸಮಿತಿಯ ಎಲ್ಲರಿಗೂ ಫೋನು ಮಾಡಬೇಕಿತ್ತು. ಬಸ್ಸಿನ ಮಾರ್ಗಕ್ಕೆ ಅಷ್ಟು ಪತ್ರ ಬರೆದವಳು ಒಂದು ಮಗುವಿನ ತಲೆಗಾಗಿ ಒಂದು ಪತ್ರವನ್ನೂ ಬರೆಯಲಿಲ್ಲ. ಹುಡುಗಿಯ ಕೈ ಹಿಡಿದು, ಮಂಜಿನಲ್ಲಿ ನಡೆದು ಮನೆಗೆ ಬಂದೆ. ಮಾಂಟ್ರಿಯಲ್‌ಗೆ ನಾಲ್ಕು ಸಲ ಫೋನು ಮಾಡಿದೆ. ಎಲ್ಲರೂ ಆಸ್ಪತ್ರೆಯಲ್ಲಿದ್ದರು, ಯಾರೂ ಎತ್ತಲಿಲ್ಲ. ಆ ಎತ್ತದ ಫೋನನ್ನೇ ನನ್ನ ಅನುಮತಿಯೆಂದು ತಿಳಿದೆ.

ಇನ್ನೂ ಒಂದು ಸತ್ಯ ಹೇಳಬೇಕು. ಒಳಗೊಳಗೇ ನನಗೂ ಆ ತೊಳೆಯದ ಎಣ್ಣೆ ಸರಿಕಂಡಿರಲಿಲ್ಲ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚುವುದೇ ಎರೆದುಕೊಳ್ಳುವುದಕ್ಕೆ. ಹಚ್ಚಿ, ನೆನೆಸಿ, ಸೀಗೆಪುಡಿ ಹಾಕಿ, ಸುಡುಸುಡು ನೀರು ಹೊಯ್ದು, ತಲೆಯಿಂದ ಹಬೆ ಏಳುವಾಗ ಆಗುವ ಹಗುರವೇ ಶುಚಿ ಎಂದು ನನ್ನ ಮೈಗೆ ಕಲಿಸಿದ್ದರು. ಅಂಗಡಿಯ ಶಾಂಪೂವಿಗಿಂತ ನನ್ನ ಸೀಗೆಪುಡಿ ಮೃದು, ಅದೂ ಗಿಡದ್ದೇ, ಆದ್ದರಿಂದ ಅದರಿಂದ ಕೆಡುಕಾಗದು ಎಂದು ಲೆಕ್ಕ ಹಾಕಿದೆ. ಒಂದು ಜನರ ಕ್ರಮವನ್ನು ಇನ್ನೊಂದು ಜನರ ಕ್ರಮದಿಂದ ಅಳಿಸಿದರೆ ಅದು ಅಳಿಸುವಿಕೆಯಲ್ಲ ಎಂಬಂತೆ.

ಡಬ್ಬಿಯಿಂದ ಸೀಗೆಪುಡಿ ತೆಗೆಯುವುದನ್ನು ಅತ್ತೆ ನೋಡಿದರು.

"ಏನ್ ಮಾಡಾಕತ್ತಿ?"

"ತಲೆಗೆ ನೀರು ಹಾಕ್ತೀನಿ, ಅತ್ತೆ. ಇಲ್ಲದಿದ್ರೆ ನಾಳೆ ಕರಕೊಂಡು ಹೋಗಲ್ವಂತೆ."

"ಅವರವ್ವ ಏನ್ ಹೇಳಿ ಹೋಗ್ಯಾಳ?"

"ಗೊತ್ತು. ಆದ್ರೆ ಮಗು ಆಸೆಪಟ್ಟಿದೆ."

"ಮಗು ಆಸೆ ಪಟ್ಟದ ಚಿತ್ರ ನೋಡಲಿಕ್ಕೆ. ತಲಿ ತೊಳಕೊಳ್ಳಲಿಕ್ಕೆ ಅಲ್ಲ." ಅತ್ತೆ ಕುರ್ಚಿಯಿಂದ ಎದ್ದರು. "ನೋಡು, ನನಗ ನಿನ್ನಷ್ಟು ಓದು ಇಲ್ಲ. ಹೆಣದವರ ಕೈಗೆ ಗೊತ್ತಿರತದ ಹ್ಯಾಂಗ ಬಿಚ್ಚಬೇಕು ಅಂತ. ಅಕಿ ಬರೋ ತನಕ ಕೈ ಹಚ್ಚಬ್ಯಾಡ. ಊರಿಗೆಲ್ಲಾ ಅರ್ಜಿ ಬರೀತಿ, ಆ ಸಾಲಿಯವರಿಗೆ ಒಂದು ಬರಿಯಲ್ಲ."

"ಅತ್ತೆ, ನಿಮಗೆ ಇಲ್ಲಿಯ ಪದ್ಧತಿ ತಿಳಿಯಲ್ಲ," ಎಂದೆ.

ಅವರು ತಮ್ಮ ಕೋಣೆಗೆ ನಡೆದರು. ಅವರನ್ನು ನಾನು ಹಿಂದೆಲ್ಲ ಮಡಿವಂತೆ ಎಂದು, ಪೂರ್ವಗ್ರಹದವರು ಎಂದು ಮನಸ್ಸಿನಲ್ಲೇ ಪಟ್ಟಿ ಮಾಡಿಟ್ಟಿದ್ದೆ.

ಹುಡುಗಿಯನ್ನು ಕೇಳಿದೆ. ಕೇಳಿದೆ ಎಂಬುದನ್ನು ನನ್ನ ಸಮರ್ಥನೆಗೆ ಬಳಸುವುದಿಲ್ಲ. ಒಂಬತ್ತು ವರ್ಷದವಳು ಪರರ ಮನೆಯಲ್ಲಿ ಏನೆಂದಾಳು? "ಓಕೆ, ಆಂಟಿ," ಎಂದಳು. ಆಮೇಲೆ ಇಂಗ್ಲಿಷಿನಲ್ಲಿ, "ತುದಿ ಹುಷಾರು," ಎಂದಳು.

ಜಡೆಗಳನ್ನೆಲ್ಲ ಬಿಚ್ಚಿದೆ. ಅವಳ ತಾಯಿ ಒಂದು ಸಲಕ್ಕೆ ಒಂದನ್ನಷ್ಟೇ ಬಿಚ್ಚುತ್ತಿದ್ದಳು. ನಾನು ಎಲ್ಲವನ್ನೂ ಬಿಚ್ಚಿ, ಕೂದಲನ್ನು ನೆತ್ತಿಯ ಮೇಲೆ ರಾಶಿ ಮಾಡಿ, ಬಿಸಿನೀರು ಹೊಯ್ದು, ಸೀಗೆಪುಡಿ ಹಾಕಿ, ನನ್ನ ಅಮ್ಮ ನನಗೆ ಉಜ್ಜಿದಂತೆಯೇ ವರ್ತುಲವಾಗಿ ಉಜ್ಜಿದೆ. ಕಂದು ನೀರು ಟಬ್ಬಿನಲ್ಲಿ ಹರಿಯಿತು. ಲವಂಗದ ವಾಸನೆ ಬಚ್ಚಲುಮನೆಯಲ್ಲೆಲ್ಲ ತುಂಬಿತು. ಲೇಪ ಹೋದಂತೆ ಸುರುಳಿ ಕೂದಲು ಒಂದಕ್ಕೊಂದು ಸುತ್ತಿಕೊಂಡು ನನ್ನ ಬೆರಳುಗಳ ಕೆಳಗೇ ಗಂಟುಕಟ್ಟತೊಡಗಿತು. ಇನ್ನೂ ಉಜ್ಜಿದರೆ ಬಿಡಿಸಿಕೊಳ್ಳುತ್ತದೆ ಎಂದು ಇನ್ನೂ ಉಜ್ಜಿದೆ. ಸೀಗೆಪುಡಿಯ ಚೂರುಗಳು ಆ ಗಂಟುಗಳೊಳಗೆ ಸಿಕ್ಕಿಕೊಂಡವು. ಒರೆಸಿ, ಒಣಗಿಸಿ, ಬಾಚಲು ಹೋದಾಗ ಅಗಲ ಹಲ್ಲಿನ ಬಾಚಣಿಗೆ ಒಳಗೇ ಹೋಗಲಿಲ್ಲ. ನಮ್ಮ ಮನೆಯ ಸಣ್ಣ ಹಲ್ಲಿನದನ್ನು ತಂದೆ. ಆ ಮೂರ್ಖತನವನ್ನು ಇಂದಿಗೂ ವಿವರಿಸಲಾರೆ. ಪ್ರತಿ ಎಳೆತಕ್ಕೂ ಕೂದಲು ಟಿಕ್ ಎಂದು ಮುರಿಯುವ ಸದ್ದು ಕೇಳಿಸುತ್ತಿತ್ತು. ಮೊದಲು ಮುರಿದದ್ದು ತುದಿಗಳೇ. ಅವೇ ಎಲ್ಲಕ್ಕಿಂತ ಹಳೆಯವು.

ಹುಡುಗಿ ಅಳಲಿಲ್ಲ. ನೆಲದ ಮೇಲೆ ಬಿದ್ದ ಎಳೆಗಳನ್ನು ಒಂದೊಂದಾಗಿ ಹೆಕ್ಕಿ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅತ್ತೆ ಬಂದು ನನ್ನ ಕೈಯಿಂದ ಬಾಚಣಿಗೆಯನ್ನು ಕಿತ್ತುಕೊಂಡರು. ಗಂಟುಗಟ್ಟಿದ ಕೂದಲಿಗೆ ಬಟ್ಟೆ ಸುತ್ತಿ, ಹುಡುಗಿಯನ್ನು ತಮ್ಮ ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡರು.

ಬೆಳಿಗ್ಗೆ ಉಣ್ಣೆಯ ಟೋಪಿ ಹಾಕಿಸಿ ಶಾಲೆಗೆ ಕರೆದೊಯ್ದೆ. ಕಚೇರಿಯವರು ಟೋಪಿ ತೆಗೆಸಿ ಮೂಸಿ ನೋಡಿದರು. ಮುರಿದು ಗಂಟಾದ ಆ ತಲೆ ಅವರ ಕಣ್ಣಿಗೆ ಶುಚಿಯಾಗಿತ್ತು. "ಸಹಕಾರಕ್ಕೆ ಧನ್ಯವಾದ," ಎಂದರು ಉಪಪ್ರಾಂಶುಪಾಲರು. ನಮೂನೆಯಲ್ಲಿ, "ತೊಳೆಯಲಾಗಿದೆ" ಎಂಬ ಸಾಲಿನ ಮುಂದೆ, ನಾನು ಸಹಿ ಹಾಕಿದೆ. ನಾನೂ ಧನ್ಯವಾದ ಹೇಳಿದೆ.

ಹುಡುಗಿ ಪ್ರವಾಸಕ್ಕೆ ಹೋಗಿಬಂದಳು. ಯಾವ ಚಿತ್ರ ನೋಡಿದೆ ಎಂದು ಕೇಳಿದೆ. ಮರೆತುಹೋಯಿತು ಎಂದಳು.

ತಾಯಿ ಮರಳಿದ್ದು ಅದಾದ ಐದು ದಿನಕ್ಕೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಶಾಲೆ, ನಮೂನೆ, ಪ್ರವಾಸ, ಎತ್ತದ ಫೋನು. ಆಕೆ ಕೇಳಿಸಿಕೊಂಡಳೋ ಇಲ್ಲವೋ. ಮಗಳನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ಟೋಪಿ ತೆಗೆದಳು. ಎರಡು ದಿನ ಕೆಲಸಕ್ಕೆ ಹೋಗದೆ, ಶಿಯಾ ಬೆಣ್ಣೆಯನ್ನು ಕೈಯಲ್ಲಿ ಕರಗಿಸಿ ಸವರುತ್ತ, ಗಂಟುಗಳನ್ನು ಬೆರಳಿನಿಂದಲೇ ಬಿಡಿಸಲು ನೋಡಿದಳು. ಮೂರನೆಯ ದಿನ ಕತ್ತರಿ ಕೇಳಲು ನಮ್ಮ ಮನೆಗೆ ಬಂದಳು. ಅವಳ ಮನೆಯಲ್ಲಿ ಕೂದಲು ಕತ್ತರಿಸುವ ಕತ್ತರಿಯೇ ಇರಲಿಲ್ಲ, ಎಂದೂ ಬೇಕಾಗಿರಲಿಲ್ಲ.

"ನೀನು ಬುದ್ಧಿವಂತೆ," ಎಂದಳು, ತನಗೆ ಬರುವ ಇಂಗ್ಲಿಷಿನಲ್ಲಿ, ಕತ್ತರಿಯನ್ನು ಹಿಡಿದುಕೊಂಡೇ. "ಬರೆದುಕೊಂಡಿದ್ದೆಯಲ್ಲ."

ಕಿವಿಯ ಮಟ್ಟಕ್ಕೆ ಕತ್ತರಿಸಬೇಕಾಯಿತು. ಅಜ್ಜಿ ಹಚ್ಚಿದ ಕೂದಲಿನ ಒಂದು ಎಳೆಯೂ ಹುಡುಗಿಯ ತಲೆಯ ಮೇಲೆ ಉಳಿಯಲಿಲ್ಲ.

ನಮ್ಮ ಕನ್ನಡದವರ ಕೂಟದಲ್ಲಿ ಈ ವಿಷಯ ಹೇಳಿದೆ. ಒಬ್ಬಾಕೆ ಸಮಾಧಾನ ಮಾಡುವವರಂತೆ, "ಕೂದಲು ತಾನೇ, ಮತ್ತೆ ಬರುತ್ತೆ ಬಿಡ್ರೀ. ಅವರ ಜೊತೆ ಅಷ್ಟು ಓಡಾಟ ಇಟ್ಕೊಂಡ್ರೆ ಹೀಗೇ, ಹೇನು ಗೀನು ಹತ್ತಲಿಲ್ಲವಲ್ಲ, ಪುಣ್ಯ," ಎಂದರು. ಪಕ್ಕದಲ್ಲಿದ್ದವರು ನಕ್ಕರು. ನಮ್ಮ ಮಕ್ಕಳ ಊಟದ ಡಬ್ಬಿಯ ವಾಸನೆಗೆ ಯಾರೋ ಮೂಗು ಮುಚ್ಚಿದರೆ ವರ್ಷಗಟ್ಟಲೆ ಮರೆಯದ ನಾವು, ಇನ್ನೊಬ್ಬರ ಮಗುವಿನ ತಲೆಯ ವಾಸನೆಗೆ ನಗಬಲ್ಲೆವು. ಈ ನಗುವನ್ನೂ ನಾನು ತಪ್ಪುಗಳ ಪಟ್ಟಿಯಲ್ಲಿ ಬರೆದಿಟ್ಟಿದ್ದೇನೆ. ಅಂದು ಮಾತ್ರ ತಟ್ಟೆ ಹಿಡಿದು ಊಟದ ಸಾಲಿಗೆ ಹೋದೆ.

ಮುಂದಿನ ತಿಂಗಳು, ಶಾಲೆಯವರು ತಿಳಿಸಿದ್ದರಿಂದ, ಮಕ್ಕಳ ರಕ್ಷಣೆಯ ಕಚೇರಿಯಿಂದ ಒಬ್ಬರು ಅವರ ಮನೆಗೆ ಬಂದರು. ಫ್ರಿಜ್ಜು ತೆರೆದು ನೋಡಿದರು, ಹಾಸಿಗೆಯ ಹೊದಿಕೆ ಎತ್ತಿ ನೋಡಿದರು, ಮಗುವಿಗೆ ಎಷ್ಟು ದಿನಕ್ಕೊಮ್ಮೆ ಸ್ನಾನ ಎಂದು ಕೇಳಿದರು. ಎರಡನೆಯ ಸಲವೂ ಬಂದು, ತೊಂದರೆಯೇನಿಲ್ಲ ಎಂದು ಹೋದರು. ಆದರೆ ಆ ಎರಡು ಭೇಟಿಗಳ ನಂತರ ಆಕೆ ಚೆಬೆಯ ಡಬ್ಬಿಯನ್ನು ಮತ್ತೆ ತೆರೆಯಲಿಲ್ಲ. ಮಗಳನ್ನು ಕಸಿದುಕೊಂಡಾರೆಂಬ ಭಯ ಹೊಕ್ಕಿತ್ತು. ಹುಡುಗಿ ಹನ್ನೆರಡಕ್ಕೆ ಬಂದಾಗ ಕೂದಲನ್ನು ನೇರವಾಗಿಸುವ ರಾಸಾಯನಿಕ ಹಚ್ಚಿಸಿಕೊಂಡಳು. ನೆತ್ತಿಯ ಮೇಲೆ ಸುಟ್ಟ ಗಾಯವಾಯಿತು. ಶಾಲೆಯಲ್ಲಿ ಆ ತಲೆಯನ್ನು ಯಾರೂ ಅಶುಚಿ ಎನ್ನಲಿಲ್ಲ.

ಎರಡು ಸಾವಿರದ ಮೊದಲ ವರ್ಷಗಳಲ್ಲಿ ಅವರು ಮಾಂಟ್ರಿಯಲ್‌ಗೆ ಮನೆ ಬದಲಿಸಿದರು. ಹೋಗುವ ಮೊದಲು ಶಾಲೆಯ ಕಡತದ ಪ್ರತಿ ಬೇಕಾಗಿತ್ತು. ಇಂಗ್ಲಿಷ್ ಓದಲು ಜೊತೆಗೆ ಬರುತ್ತೀಯಾ ಎಂದು ಆಕೆ ನನ್ನನ್ನೇ ಕೇಳಿದಳು. ಕೇಳಲು ಅವಳಿಗೆ ಬೇರೆ ಯಾರೂ ಇರಲಿಲ್ಲ, ಅದು ಕ್ಷಮೆಯಾಗಿರಲಿಲ್ಲ. ಕಡತದಲ್ಲಿ ಹುಡುಗಿಯ ಚಿತ್ರಗಳಿಗೆ ಬಂದ ಒಳ್ಳೆಯ ಮಾತುಗಳಿದ್ದವು, ಅಂಕಗಳಿದ್ದವು. ನಡುವೆ ಆ ನಮೂನೆ. ಅದರ ಕೆಳಗೆ ಯಾರೋ ಬರೆದಿದ್ದರು: "ಮನೆಯಲ್ಲಿ ಶುಚಿತ್ವದ ನಿರ್ಲಕ್ಷ್ಯದ ಶಂಕೆ. ತಿಳಿಸಿದ ಮೇಲೆ ಸರಿಪಡಿಸಲಾಗಿದೆ." ಅದಕ್ಕೆ ಸಾಕ್ಷಿಯಾಗಿ ನನ್ನ ಸಹಿ. ಆ ತಾಯಿಯ ಮೇಲಿನ ಆರೋಪ ನಿಜವೆಂದು ಒಪ್ಪಿಕೊಂಡವಳು ನಾನು.

ಜೋರಾಗಿ ಓದಿ ಹೇಳಿದೆ. ಆಕೆ ಮತ್ತೊಮ್ಮೆ ಓದಿಸಿದಳು. ಆಮೇಲೆ, "ಇದು ಅವಳು ದೊಡ್ಡವಳಾದ ಮೇಲೂ ಇರುತ್ತದಾ?" ಎಂದು ಕೇಳಿದಳು. ಇರುತ್ತದೆ ಎಂದು ಗುಮಾಸ್ತೆ ಹೇಳಿದಳು. ಪ್ರತಿ ಅವರ ಹೊಸ ವಿಳಾಸಕ್ಕೆ ಹೋಗುತ್ತದೆ, ಮೂಲ ಇಲ್ಲೇ ಇರುತ್ತದೆ.

ಅಂದಿನಿಂದ ನಾನು ಶಾಲಾ ಮಂಡಳಿಗೆ ಬರೆದ ಪತ್ರಗಳಿಗೆ ಬಂದ ಉತ್ತರಗಳೆಲ್ಲ ಒಂದೇ: ನಾನು ಆ ಹುಡುಗಿಯ ಪಾಲಕಳಲ್ಲ, ಆದ್ದರಿಂದ ಕಡತದ ಬಗ್ಗೆ ಮಾತಾಡುವ ಹಕ್ಕು ನನಗಿಲ್ಲ. ತೊಳೆಯಲಾಗಿದೆ ಎಂದು ಸಹಿ ಹಾಕುವಾಗ ನಾನು ಪಾಲಕಳೇ ಎಂದು ಯಾರೂ ಕೇಳಿರಲಿಲ್ಲ. ಆ ಹುಡುಗಿ ಈಗ ದೊಡ್ಡವಳಾಗಿದ್ದಾಳೆ. ಹೋದ ಕೂದಲನ್ನು ಯಾರೂ ತಂದುಕೊಡಲಾರರು. ಅದರ ಬಗ್ಗೆ ನನಗೆ ಯಾವ ಭರವಸೆಯೂ ಉಳಿದಿಲ್ಲ, ಈ ಬರಹದಿಂದ ಏನಾದರೂ ಆದೀತೆಂಬ ಭರವಸೆಯೂ ಹೆಚ್ಚಿಲ್ಲ. ನನ್ನ ಮೇಲೆ ಏನು ಬೇಡಿಕೆ ಇಡಬೇಕೆಂಬುದು ಅವರಿಬ್ಬರಿಗೆ ಬಿಟ್ಟದ್ದು. ಅವರು ಈವರೆಗೆ ಏನನ್ನೂ ಕೇಳಿಲ್ಲ.

ಶಾಲಾ ಮಂಡಳಿಯವರಿಗೆ ಮಾತ್ರ ನನ್ನ ಬೇಡಿಕೆ ಇದು. ತಲೆ ಪರೀಕ್ಷೆಯ ನಮೂನೆಯಿಂದ "ಅಶುಚಿ" ಎಂಬ ಚೌಕವನ್ನು ತೆಗೆದುಹಾಕಿ. ನನ್ನ ಸಹಿಯಿರುವ ಆ ಹಾಳೆಯನ್ನು ಮೂಲ ಕಡತದಿಂದ ತೆಗೆಯಿರಿ. ನಾನು ಪಾಲಕಳಾಗಿರಲಿಲ್ಲ, ಆದ್ದರಿಂದ ನಿಮ್ಮದೇ ನಿಯಮದಂತೆ ಆ ಸಹಿಗೆ ಬೆಲೆಯಿಲ್ಲ. ಅನಂತರ ಮಂಡಳಿಯ ಮುಖ್ಯಸ್ಥರ ಸಹಿಯೊಂದಿಗೆ, ಆ ತಾಯಿ ಓದಬಲ್ಲ ಫ್ರೆಂಚಿನಲ್ಲಿ, ಮೂರು ವಾಕ್ಯ ಬರೆಯಿರಿ: ಮಗುವಿನ ತಲೆ ಶುಚಿಯಾಗಿತ್ತು, ತಾಯಿ ಅವಳನ್ನು ನಿರ್ಲಕ್ಷಿಸಿರಲಿಲ್ಲ, ತಪ್ಪು ಮಾಡಿದವರು ನಾವು. ಅದನ್ನು ತಾಯಿಗೊಂದು, ಮಗಳಿಗೊಂದು, ಬೇರೆ ಬೇರೆ ಲಕೋಟೆಯಲ್ಲಿ ಕಳುಹಿಸಿ. ಕಡತದ ಪ್ರತಿಯನ್ನು ಕಳುಹಿಸಿದ ವಿಳಾಸ ನಿಮ್ಮ ಬಳಿ ಇದೆ.